ಆರನೆಯ ಸೂತಕ

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶಿವಶರಣರು ಅಲ್ಲಗಳೆದರು. ಲಿಂಗವನ್ನು ಧರಿಸಿದ ಅಂಗಕ್ಕೆ ಮೈಲಿಗೆಯೆಲ್ಲಿಯದು ಎಂಬುದು ಅವರ ನಿಲುವು. ಆದರೆ ಆ ಶರಣರ ಮಾರ್ಗದಲ್ಲಿ ನಡೆಯುವೆವೆನ್ನುವ ಸದ್ಭಕ್ತರ ಮನೆಗಳಲ್ಲಿಯೂ ಆರನೆಯದೊಂದು ಸೂತಕವು ಸದ್ದಿಲ್ಲದೆ ಉಳಿದುಕೊಂಡಿದೆ. ಅದು ರೋಗಸೂತಕ. ಕ್ಷಯವೆಂಬ ಮಾತು ಬಂದೊಡನೆ ದನಿ ತಗ್ಗುತ್ತದೆ, ಬಾಗಿಲು ಮುಚ್ಚುತ್ತದೆ.

ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಹಿರಿಯ ಮಗನಿಗೆ ಬಹಳ ದಿನಗಳಿಂದ ಕೆಮ್ಮು. ಕಫವನ್ನು ಪರೀಕ್ಷಿಸಿದ ವೈದ್ಯರು ಕ್ಷಯವೆಂದರು. ಅದೇ ತಿಂಗಳಲ್ಲಿ ತಂಗಿಗೆ ಕನ್ಯೆ ನೋಡಲು ಬರುವವರಿದ್ದಾರೆ. ತಾಯಿ ಮಗನನ್ನು ಹಿತ್ತಲಿಗೆ ಕರೆದು, “ಈ ಮಾತು ಹೊಸ್ತಿಲು ದಾಟಬಾರದಪ್ಪಾ, ನಿನ್ನ ಹೆಂಡತಿಗೂ ಹೇಳಬೇಡ” ಎನ್ನುತ್ತಾಳೆ. ಮಗನು ಗುಳಿಗೆಗಳನ್ನು ಅಂಗಡಿಯ ಗಲ್ಲೆಯಲ್ಲಿ ಬಚ್ಚಿಟ್ಟು ನುಂಗುತ್ತಾನೆ. ರಾತ್ರಿ ಅವನು ಮಲಗುವ ಕೋಣೆಯಲ್ಲಿಯೇ ಎರಡು ವರ್ಷದ ಕೂಸು ಮಲಗುತ್ತದೆ.

ಆ ತಾಯಿಯನ್ನು ಹಳಿಯುವುದು ಸುಲಭ. ಆದರೆ ಅವಳ ಅಂಜಿಕೆಯು ಹುಸಿಯಲ್ಲ. ರೋಗಿಯ ಮನೆಯ ನೀರು ಕುಡಿಯದವರನ್ನು, ಕೂಡಿಬಂದ ಸಂಬಂಧವನ್ನು ಮುರಿದವರನ್ನು ಅವಳು ಕಂಡಿದ್ದಾಳೆ. ಅವಳ ಬಾಯಿಯನ್ನು ಕಟ್ಟಿದವರು ನೆರೆಹೊರೆಯವರೇ ಅಲ್ಲವೆ? ಹುಸಿಯ ಪಾಪದಲ್ಲಿ ಅವರಿಗೂ ಪಾಲುಂಟು.

ಕ್ಷಯವು ಪೂರ್ವಜನ್ಮದ ಶಾಪವಲ್ಲ, ಮನೆತನದ ಕಲೆಯೂ ಅಲ್ಲ. ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಜರ್ಮನಿಯ ರಾಬರ್ಟ್ ಕಾಖ್ 1882ರಲ್ಲಿಯೇ ತೋರಿಸಿಕೊಟ್ಟನು. ಶ್ವಾಸಕೋಶದ ಕ್ಷಯವುಳ್ಳವನು ಕೆಮ್ಮಿದಾಗ ಅದು ಗಾಳಿಯಲ್ಲಿ ಹರಡುತ್ತದೆ. ತಟ್ಟೆ, ಲೋಟ, ಕೈಕುಲುಕುವಿಕೆಗಳಿಂದ ಹರಡುವುದಿಲ್ಲ. ಆದುದರಿಂದ ರೋಗಿಗೆ ಬೇರೆ ತಟ್ಟೆಯಿಟ್ಟು, ಕಿಟಕಿಯನ್ನು ಮಾತ್ರ ಭದ್ರವಾಗಿ ಮುಚ್ಚಿಡುವ ಮನೆಯವರು ಮಾಡುವುದು ಮೈಲಿಗೆಯ ಆಚರಣೆಯೇ ಹೊರತು ಎಚ್ಚರಿಕೆಯಲ್ಲ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಪ್ರಸಿದ್ಧ ಪರೀಕ್ಷೆಯೊಂದರಲ್ಲಿ ಕೆಲವು ರೋಗಿಗಳಿಗೆ ಆರೋಗ್ಯಧಾಮದಲ್ಲಿ, ಕೆಲವರಿಗೆ ಬಡತನದ ಇಕ್ಕಟ್ಟಿನ ಮನೆಗಳಲ್ಲಿಯೇ ಔಷಧ ಕೊಡಲಾಯಿತು. ಮನೆಯಲ್ಲಿ ಔಷಧ ಪಡೆದವರ ಬಂಧುಗಳಿಗೆ ಅದರಿಂದ ಹೆಚ್ಚಿನ ಕೇಡಾಗಲಿಲ್ಲವೆಂದು ಕಂಡುಬಂದಿತು. ಔಷಧವು ನಾಟಿದ ಕೆಲವು ವಾರಗಳಲ್ಲಿಯೇ ಹರಡುವ ಶಕ್ತಿಯು ಬಹುಮಟ್ಟಿಗೆ ಕುಗ್ಗುತ್ತದೆ. ಮನೆಗೆ ಹೆಚ್ಚು ಅಪಾಯವಿರುವುದು ರೋಗವು ತಿಳಿಯದೆ, ಔಷಧವಿಲ್ಲದೆ ಇರುವಾಗ.

ಹಾಗಾದರೆ ಔಷಧ ನುಂಗುತ್ತಿರುವವನು ಮುಚ್ಚಿಟ್ಟರೆ ಕೇಡೇನೆಂದು ಕೇಳಬಹುದು. ಕೇಡು ಕೂಸಿಗೆ. ಕ್ಷಯರೋಗಿಯೊಡನೆ ವಾಸಿಸುವ ಐದು ವರ್ಷದೊಳಗಿನ ಮಗುವನ್ನು ಪರೀಕ್ಷಿಸಿ, ರೋಗವಿಲ್ಲದಿದ್ದರೆ ಅದು ತಲೆಯೆತ್ತದಂತೆ ಮುಂಜಾಗ್ರತೆಯ ಔಷಧ ಕೊಡುತ್ತಾರೆ. ಹೆತ್ತವಳಿಗೇ ತಿಳಿಯದಿದ್ದರೆ ಆ ಮಗುವನ್ನು ಆಸ್ಪತ್ರೆಗೆ ಒಯ್ಯುವವರಾರು? ಇನ್ನು ಮರೆಯಲ್ಲಿ ನುಂಗುವ ಔಷಧವು ಜಾತ್ರೆಯ ದಿನ, ನೆಂಟರು ಬಂದ ದಿನ ತಪ್ಪುತ್ತದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ಔಷಧ ಬೇಕು. ನಡುವೆ ಬಿಟ್ಟರೆ ರೋಗವು ಮದ್ದಿಗೆ ಬಗ್ಗದ ರೂಪವನ್ನು ತಾಳಬಹುದು.

ಸತ್ಯವನ್ನು ನುಡಿಯುವುದೆಂದರೆ ಡಂಗುರ ಹೊಯ್ಯುವುದಲ್ಲ. ಯಾರು ರೋಗಿಯ ಉಸಿರನ್ನು ಹಂಚಿಕೊಂಡಿರುವರೋ ಅವರಿಗೆ ಹೇಳುವುದು ಋಣ. ಬೀದಿಗೆ ಹೇಳುವ ಋಣವಿಲ್ಲ. ತಂಗಿಯ ವಿಷಯವು ಸೂಕ್ಷ್ಮವಾದುದು. ಅವಳನ್ನೂ ಪರೀಕ್ಷೆಗೆ ಕರೆದೊಯ್ಯಬೇಕು. ಅವಳು ನಿರೋಗಿಯಾಗಿದ್ದರೆ ಅಣ್ಣನ ರೋಗವನ್ನು ತಾನಾಗಿ ಬೀಗರ ಮುಂದೆ ಹರಡಬೇಕಾಗಿಲ್ಲ. ಅವರು ಕೇಳಿದರೆ ಹುಸಿ ನುಡಿಯಲಾಗದು. ವರನಿಗೇ ರೋಗವಿದ್ದರೆ ಮಾತು ಬೇರೆ: ನಿಶ್ಚಯಕ್ಕೆ ಮುಂಚೆಯೇ ಅವನು ಕನ್ಯೆಗೆ ಹೇಳಬೇಕು.

ಎಚ್‌ಐವಿಯು ಗಾಳಿಯಿಂದಾಗಲಿ ಸಹಪಂಕ್ತಿಯ ಊಟದಿಂದಾಗಲಿ ಹರಡದು. ಅಲ್ಲಿ ಪತಿಪತ್ನಿಯರ ಋಣವೇ ಮೊದಲನೆಯದು. 2017ರ ಕಾಯಿದೆಯು ಅಂಥವರ ಗುಟ್ಟನ್ನು ಕಾಯುತ್ತದೆ. ಆದರೆ ಸಂಗಾತಿಗೆ ಅಪಾಯವಿದ್ದು, ತಿಳಿಯಹೇಳಿದರೂ ರೋಗಿಯು ಹೇಳನೆಂದು ಕಂಡುಬಂದರೆ, ಮೊದಲು ರೋಗಿಗೆ ತಿಳಿಸಿ ಸಂಗಾತಿಗೆ ಹೇಳಲು ವೈದ್ಯನಿಗೆ ಅವಕಾಶವಿತ್ತಿದೆ.

ಶರಣರ ಗಣದಲ್ಲಿ ವೈದ್ಯ ಸಂಗಣ್ಣನೂ ಒಬ್ಬನು, ವೈದ್ಯವೃತ್ತಿಯೂ ಕಾಯಕವೇ. 2012ರಿಂದ ಕ್ಷಯರೋಗಿಯ ವಿವರವನ್ನು ವೈದ್ಯರು ಸರಕಾರಕ್ಕೆ ತಿಳಿಸಬೇಕೆಂಬ ಆಜ್ಞೆಯಿದೆ. ಅದು ಚಾಡಿಯಲ್ಲ. ಅದೇ ಮಾತನ್ನು ಸಂತೆಯಲ್ಲಿ ಆಡುವ ವೈದ್ಯನಾದರೋ ಕಾಯಕಕ್ಕೆ ದ್ರೋಹ ಬಗೆದವನು.

ಆ ಮನೆಯ ಮಗನು ಒಂದು ರಾತ್ರಿ ಗಲ್ಲೆಯಿಂದ ಗುಳಿಗೆಯ ಪೊಟ್ಟಣವನ್ನು ತಂದು ಹೆಂಡತಿಯ ಮುಂದಿಟ್ಟನೆನ್ನೋಣ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಎದ್ದು ಕಿಟಕಿಯನ್ನು ತೆರೆದಳು. “ಇಷ್ಟು ದಿನ ಒಬ್ಬರೇ ಹೊತ್ತಿರಲ್ಲಾ” ಎಂದಳು. ಆಮೇಲೆ, “ಬೆಳಗಾಗಲಿ, ಮಗುವನ್ನೂ ಕರೆದುಕೊಂಡು ಹೋಗೋಣ” ಎಂದಳು.