ಡೆಸ್ಕಿನ ಮೇಲಿನ ತಾಳ

ಮೂಡಿಗೆರೆಯ ಮಳೆ ಹಿಡಿದರೆ ಸಂಜೆ ಹೊರಗೆ ಕಾಲಿಡುವಂತಿಲ್ಲ. ಅಂಥದೊಂದು ಸಂಜೆ ಮಗ ‘ಜ್ಯೋತಿ’ ಕೇಳಿಸಿದ. 1983ರಲ್ಲಿ ಬಂದದ್ದು. ಬೆಂಗಳೂರಿನ ಆರ್. ಎ. ರಮಾಮಣಿಯವರ ಹಾಡಿಕೆ, ಟಿ. ಎ. ಎಸ್. ಮಣಿಯವರ ಮೃದಂಗ, ಜೊತೆಗೆ ಅಮೆರಿಕದ ಜಾಝ್ ಕಲಾವಿದ ಚಾರ್ಲಿ ಮರಿಯಾನೊ ಅವರ ಸ್ಯಾಕ್ಸೊಫೋನು. ಆಕೆ ಬಿಟ್ಟ ಸ್ವರವನ್ನು ಆತ ಎಷ್ಟು ವಿನಯದಿಂದ ಎತ್ತಿಕೊಳ್ಳುತ್ತಾರೆ! ಆ ಕಂಠ ಕೇಳುತ್ತಿದ್ದಂತೆ ನಾನು ಕೈಲಿದ್ದ ಹೊಲಿಗೆಯನ್ನು ಕೆಳಗಿಟ್ಟೆ.

ನಮ್ಮತ್ತೆ ಇದ್ದಿದ್ದರೆ, ‘ದೇವರ ಮುಂದೆ ಬ್ಯಾಂಡೇನೆ?’ ಎನ್ನುತ್ತಿದ್ದರು. ಅದೇ ಅತ್ತೆ, ನಾಗಸ್ವರದ ಮನೆತನದ ಕದ್ರಿ ಗೋಪಾಲನಾಥರು ಅದೇ ವಾದ್ಯದಲ್ಲಿ ಕೀರ್ತನೆ ನುಡಿಸಿದಾಗ ರೇಡಿಯೊ ಮುಂದೆ ಕೈಮುಗಿದು ಕೂತಿದ್ದರು. ಹಾಗಾದರೆ ಭಕ್ತಿ ಇರುವುದು ವಾದ್ಯದಲ್ಲೋ, ನುಡಿಸುವವರಲ್ಲೋ, ಕೇಳುವ ನಮ್ಮ ರೂಢಿಯಲ್ಲೋ?

ಅತ್ತೆಯನ್ನು ನಗಲು ನನಗೇನು ಹಕ್ಕಿದೆ? ಒಮ್ಮೆ ಮಳೆಯೆಂದು ತರಗತಿಯಲ್ಲೇ ಪ್ರಾರ್ಥನೆ ನಡೆದಾಗ, ತೋಟದ ಲೈನಿನಿಂದ ಬರುತ್ತಿದ್ದ ಹುಡುಗನೊಬ್ಬ ಡೆಸ್ಕು ಬಡಿಯುತ್ತ ಹಾಡಿದ. ಭಯಭಕ್ತಿಯಿಲ್ಲವೆಂದು ಹೊರಗೆ ನಿಲ್ಲಿಸಿದೆ. ಭಯ, ಭಕ್ತಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ನಾವು ಮಕ್ಕಳಿಂದ ಬಯಸುವುದು ಮೊದಲನೆಯದನ್ನೇ ಏನೋ. ಆಮೇಲೆ ಅವನು ಪ್ರಾರ್ಥನೆಗೆ ಬಾಯಿ ತೆರೆಯಲಿಲ್ಲ.

ಅವನ ತಾಳ ಒಂದೇ ಒಂದು ಕಡೆಯೂ ತಪ್ಪಿರಲಿಲ್ಲ.