ಸಡಿಲ ದಾರದ ಸ್ವಾತಂತ್ರ್ಯ

ಬಂಧನವೆಂದರೆ ಬಿಗಿ, ಬಿಡುಗಡೆಯೆಂದರೆ ಸಡಿಲ ಎಂದು ನಾವು ಸುಲಭವಾಗಿ ನಂಬಿಬಿಟ್ಟಿದ್ದೇವೆ. ಒಂದು ತುದಿಯಲ್ಲಿ ಕಟ್ಟು, ಇನ್ನೊಂದು ತುದಿಯಲ್ಲಿ ಮುಕ್ತಿ. ನಡುವೆ ಗಂಟು ಎಷ್ಟು ಸಡಿಲವಾದರೆ ಅಷ್ಟು ಮುಕ್ತಿಗೆ ಹತ್ತಿರ. ಮಕ್ಕಳು ದೊಡ್ಡವರಾದ ಮೇಲೆ ಸಂಸಾರದಿಂದ ತುಸು ಹಿಂದೆ ಸರಿಯಿರಿ, ಎಲ್ಲವನ್ನೂ ಸ್ವಲ್ಪ ಸಡಿಲ ಬಿಡಿ ಎಂದು ಹಿರಿಯರಿಗೆ ಕೊಡುವ ಬುದ್ಧಿಮಾತಿನ ಹಿಂದೆಯೂ ಈ ಎಣಿಕೆಯೇ ಇದೆ. ಇದು ತಪ್ಪೆಂಬುದು ನನ್ನ ವಾದ. ಅದನ್ನು ತೋರಿಸಲು ಶಾಸ್ತ್ರಕ್ಕಿಂತ ಮೊದಲು ಸಮುದ್ರದ ಒಂದು ಆಟವನ್ನು ನೋಡಬೇಕು. ಅಲ್ಲಿ ದಾರ ಬಿಗಿಯೋ ಸಡಿಲವೋ ಎಂಬುದು ಬರೀ ರೂಪಕವಲ್ಲ, ಪ್ರಾಣದ ಪ್ರಶ್ನೆ.

ಕೈಟ್‌ಸರ್ಫಿಂಗ್‌ನಲ್ಲಿ ಸವಾರ ಹಲಗೆಯ ಮೇಲೆ ನಿಂತು ದೊಡ್ಡದೊಂದು ಗಾಳಿಪಟದ ಎಳೆತಕ್ಕೆ ನೀರಿನ ಮೇಲೆ ಜಾರುತ್ತಾನೆ. ಪಟದಿಂದ ಸಾಮಾನ್ಯವಾಗಿ ನಾಲ್ಕು ದಾರಗಳು ಇಳಿಯುತ್ತವೆ, ಉದ್ದ 20ರಿಂದ 24 ಮೀಟರ್. ಮುಂದಿನ ಎರಡು ಸೊಂಟದ ಹಾರ್ನೆಸ್‌ಗೆ ಸೇರಿ ಭಾರ ಹೊರುತ್ತವೆ. ಹಿಂದಿನ ಎರಡು ಕೈಯಲ್ಲಿರುವ ಬಾರ್‌ನ ತುದಿಗಳಿಗೆ ಬಂದು ದಿಕ್ಕು ತಿರುಗಿಸುತ್ತವೆ. ದಪ್ಪ ಸುಮಾರು 2 ಮಿಲಿಮೀಟರ್ ಅಷ್ಟೇ, ಆದರೆ ಒಂದೊಂದು ಎಳೆಯೂ 200 ಕಿಲೋಗಿಂತ ಹೆಚ್ಚು ಭಾರ ತಡೆಯುತ್ತದೆ. ಫ್ರಾನ್ಸಿನ ಬ್ರಿಟನಿ ತೀರದ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟಿಗೆ ಸಲ್ಲಿಸಿದ, ಅಂಚಿನಲ್ಲಿ ಗಾಳಿ ತುಂಬಿದ ಪಟದ ಹೆಚ್ಚುಗಾರಿಕೆಯೆಂದರೆ ಅದು ನೀರಿಗೆ ಬಿದ್ದರೂ ಮುಳುಗದೆ ಮತ್ತೆ ಏಳುವುದು. ಈ ಇಡೀ ಏರ್ಪಾಡು ಒಂದೇ ಸಂಗತಿಯ ಮೇಲೆ ನಿಂತಿದೆ: ದಾರ ಎಳೆಯಬಲ್ಲದು, ತಳ್ಳಲಾರದು. ಬಿಗಿ ಇರುವವರೆಗೆ ಮಾತ್ರ ಕೈಯ ಇಂಗಿತ ಪಟಕ್ಕೆ ಮುಟ್ಟುತ್ತದೆ, ಪಟದ ಸ್ಥಿತಿ ಕೈಗೆ ತಿಳಿಯುತ್ತದೆ. ಬಿಗಿ ಹೋದರೆ ಪಟವೂ ಸವಾರನೂ ಒಬ್ಬರಿಗೊಬ್ಬರು ಕಿವುಡಾಗುತ್ತಾರೆ, ಆದರೂ ಒಬ್ಬರಿಗೊಬ್ಬರು ಕಟ್ಟಿಕೊಂಡೇ ಇರುತ್ತಾರೆ.

ಅಲೆಗಳಲ್ಲಿ ಈ ಬಿಗಿ ಹೋಗುವ ಬಗೆ ನೋಡಿ. ನೆದರ್‌ಲ್ಯಾಂಡ್ಸ್‌ನ ಉತ್ತರ ಸಮುದ್ರ ತೀರದಂತಹ ಕಡೆ ಪಶ್ಚಿಮದ ಗಾಳಿ ಅಲೆಗಳ ಜೊತೆಗೇ ದಡದತ್ತ ಬೀಸುತ್ತದೆ. ಗಾಳಿಯ ವೇಗ ಸೆಕೆಂಡಿಗೆ 10 ಮೀಟರ್ ಎಂದಿಟ್ಟುಕೊಳ್ಳಿ. ಸವಾರ ಅಲೆಯ ಇಳಿಜಾರಿನಲ್ಲಿ ಗಾಳಿಯ ದಿಕ್ಕಿನಲ್ಲೇ, ಅಂದರೆ ತನ್ನ ಪಟದ ಕಡೆಗೇ, 6 ಮೀಟರ್ ವೇಗದಲ್ಲಿ ಇಳಿದರೆ ಆ ಜೋಡಿಗೆ ತಾಗುವ ಗಾಳಿ 4 ಮೀಟರ್ ಮಾತ್ರ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಎಳೆತ ಆರನೇ ಒಂದು ಭಾಗಕ್ಕೂ ಕೆಳಗೆ ಇಳಿಯುತ್ತದೆ. ದಾರ ಜೋಲುತ್ತದೆ. ಸೊಂಟಕ್ಕೆ ಹಾಯೆನಿಸುತ್ತದೆ, ಈಗ ಅಲೆಯೊಂದೇ ಒಯ್ಯುತ್ತಿದೆ. ಆಟದಲ್ಲಿ ಅತ್ಯಂತ ಹಗುರವೆನಿಸುವ ಕ್ಷಣ ಇದೇ. ಅದೇ ಕ್ಷಣದಲ್ಲಿ ಹಲಗೆ ತಪ್ಪಿ ಬಿದ್ದರೆ ಪಟವೂ ನೀರಿಗೆ ಬೀಳಬಹುದು. 20 ಮೀಟರ್ ದಾರ ನೊರೆಯೊಳಗೆ ಸುರುಳಿ ಸುರುಳಿಯಾಗಿ ತೇಲುತ್ತದೆ; ಈಜಲು ಆಡಿಸುವ ಕಾಲಿಗೆ, ತೋಳಿಗೆ, ಕೆಲವೊಮ್ಮೆ ಕುತ್ತಿಗೆಗೆ ಬಳಸಿಕೊಳ್ಳುತ್ತದೆ. ಸಡಿಲವಾಗಿರುವಷ್ಟು ಹೊತ್ತು ಅದು ಮೈಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಪಟ ತನ್ನ ಗುಣದಂತೆ ನೀರಿನಿಂದ ಎದ್ದು ಪೂರ್ತಿ ಗಾಳಿ ಹಿಡಿಯುತ್ತದೆ, ಇಲ್ಲವೇ ಮುಂದಿನ ಅಲೆ ಅದನ್ನು ತುಂಬಿಕೊಂಡು ದಡಕ್ಕೆ ಎಳೆಯುತ್ತದೆ. ಹೋದ ಎಳೆತವೆಲ್ಲ ಒಂದೇ ಜಗ್ಗಿನಲ್ಲಿ ಮರಳುತ್ತದೆ, ಎರಡು ಮಿಲಿಮೀಟರಿನ ಗೆರೆಯ ಮೇಲೆ. ಚರ್ಮ ಮಾಂಸಗಳನ್ನು ಸೀಳಲು ಅಷ್ಟು ಸಾಕು.

ಇದರಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಎಳೆತದ ಪ್ರಮಾಣವಲ್ಲ, ಗಂಟಿನ ಜಾಗ. ಹಾರ್ನೆಸ್‌ನ ಮುಂಭಾಗದಲ್ಲಿ ಕ್ವಿಕ್ ರಿಲೀಸ್ ಇರುತ್ತದೆ. ಭಾರ ಬಿದ್ದಾಗಲೂ ಅದು ಬಿಚ್ಚಿಕೊಳ್ಳಬೇಕೆಂದು 2020ರಲ್ಲಿ ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡವೂ ಬಂತು. ಅದನ್ನು ತಳ್ಳಿದರೆ ಬಾರ್ ಜಾರಿಹೋಗಿ ಪಟ ಒಂದೇ ಎಳೆಯ ಮೇಲೆ ಬಾವುಟದಂತೆ ಸೋಲುತ್ತದೆ. ಅಪಾಯ ಇನ್ನೂ ಉಳಿದರೆ ಆ ಎಳೆಯನ್ನು ಮೈಗೆ ಕಟ್ಟಿರುವ ಲೀಶನ್ನೂ ಬಿಚ್ಚಬಹುದು. ಆದರೆ ಇದೆಲ್ಲ ಗೊತ್ತಿರುವ ಕಟ್ಟಿಗೆ ಮಾತ್ರ. ಜೋತ ದಾರ ಮೊಣಕಾಲಿಗೆ ಸುತ್ತಿಕೊಂಡಿದ್ದರೆ ಸೊಂಟದ ಬಳಿಯ ಸಾಧನ ಕೆಲಸಕ್ಕೆ ಬರುವುದಿಲ್ಲ; ಅಲ್ಲಿ ಬಿಚ್ಚಿದರೂ ಇಲ್ಲಿ ಬಿಗಿಯುತ್ತದೆ. ಅದಕ್ಕೆಂದೇ ಸವಾರರು ಹಾರ್ನೆಸ್‌ನಲ್ಲಿ ಕೊಕ್ಕೆಯಾಕಾರದ ಪುಟ್ಟ ಚಾಕು ಇಟ್ಟುಕೊಂಡಿರುತ್ತಾರೆ. ಬಿಗಿಯಾದ ಕಟ್ಟು ಎಲ್ಲಿದೆಯೆಂದು ನಮಗೆ ಗೊತ್ತಿರುತ್ತದೆ, ಹಾಗಾಗಿ ಬಿಡಿಸಿಕೊಳ್ಳಬಹುದು. ಸಡಿಲವಾದ ಕಟ್ಟು ನಾವು ನೋಡದ ಜಾಗದಲ್ಲಿ ಹೊಸ ಗಂಟು ಹಾಕಿಕೊಳ್ಳುತ್ತದೆ. ಸೂತ್ರ ಹರಿದ ಗಾಳಿಪಟಕ್ಕೆ ನಾವು ಮರುಗುತ್ತೇವೆ. ಆದರೆ ಈ ನೀರಿನಲ್ಲಿ ಸೂತ್ರ ಹರಿಯದೆ ಜೋತ ಪಟವೇ ಹೆಚ್ಚು ಭಯಂಕರ.

ಅಲೆಯನ್ನು ಬಲ್ಲವರು ಇಲ್ಲಿ ಆಕ್ಷೇಪ ಎತ್ತುತ್ತಾರೆ, ಎತ್ತಲೇಬೇಕು. ಪಳಗಿದ ಸವಾರರು ಬೇಕೆಂದೇ ದಾರ ಸಡಿಲ ಬಿಡುತ್ತಾರಲ್ಲ? ಅಲೆಗೆಂದೇ ಮಾಡಿದ ಪಟಗಳು ದಾರ ಜೋತಾಗಲೂ ಬೀಳದೆ ಗಾಳಿಯಲ್ಲಿ ತೇಲುತ್ತ ಹಿಂದೆ ಸರಿಯುತ್ತವೆ. ಅದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ನಿಜ. ಆದರೆ ಆ ಸಡಿಲಕ್ಕೆ ಒಂದು ಅಳತೆಯಿದೆ, ಅದು ಕೆಲವು ಕ್ಷಣಗಳದ್ದು. ಪಟ ಯಾವ ಎತ್ತರದಲ್ಲಿದೆ, ಬಿಗಿ ಯಾವ ತಿರುವಿನಲ್ಲಿ ಮರಳುತ್ತದೆ ಎಂಬುದು ಸವಾರನಿಗೆ ಮೊದಲೇ ಗೊತ್ತು. ಕೈ ಬಾರ್ ಮೇಲೇ ಇದೆ. ಸಂಬಂಧವನ್ನು ಅರಿತು ಕೊಟ್ಟ ಸಡಿಲ ಅದು. ಕಠೋಪನಿಷತ್ತು ಶರೀರವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ಮನಸ್ಸನ್ನು ಲಗಾಮೆಂದೂ ಕರೆಯಿತು. ಮೋಕ್ಷವನ್ನೇ ಗುರಿಯಾಗಿಟ್ಟುಕೊಂಡ ಆ ಗ್ರಂಥವೂ ಲಗಾಮನ್ನು ಕೈಬಿಡು ಎನ್ನಲಿಲ್ಲ. ಅತಿಯಾದ ತಪಸ್ಸಿನಿಂದ ಕಾಲು ಒಡೆದುಕೊಂಡ ಸೋಣನೆಂಬ ಭಿಕ್ಷುವಿಗೆ ಬುದ್ಧ ವೀಣೆಯ ತಂತಿಯ ನಿದರ್ಶನ ಕೊಟ್ಟದ್ದನ್ನು ಸಡಿಲದ ಪರವಾಗಿ ಎತ್ತಿ ಹೇಳುವವರಿದ್ದಾರೆ. ಆದರೆ ಶ್ರುತಿಗೂಡಿದ ತಂತಿಯೂ ಬಿಗಿಯಾದ ತಂತಿಯೇ. ಜೋತದ್ದು ನುಡಿಯುವುದೇ ಇಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಆಳದ್ದು: ನೂಲಿನ ಭೌತಶಾಸ್ತ್ರದಿಂದ ಮನುಷ್ಯನ ಧರ್ಮವನ್ನು ಹೊರಡಿಸಬಹುದೇ? ಖಂಡಿತ ಆಗದು, ಅಂಥ ಹಟ ನನಗಿಲ್ಲ. ಆದರೆ ಸಡಿಲವಾದಷ್ಟೂ ಮುಕ್ತ ಎಂಬ ನಂಬಿಕೆಯೂ ನೂಲಿನಿಂದಲೇ ಕಡ ತಂದದ್ದು. ಮನಸ್ಸಿಗೆ ಯಾವ ಗಂಟು, ಯಾವ ಹಗ್ಗ? ಕಡ ತಂದ ಚಿತ್ರ ತನ್ನ ಮೂಲದಲ್ಲೇ ಸುಳ್ಳಾದರೆ ಅದರ ಮೇಲೆ ಕಟ್ಟಿದ ಬಾಳಿನ ಸೂತ್ರವನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ. ತತ್ತ್ವಜ್ಞಾನಿ ಕಾಂಟ್ 1781ರ ತನ್ನ ಗ್ರಂಥದಲ್ಲಿ ಒಂದು ಪಾರಿವಾಳವನ್ನು ಕಲ್ಪಿಸಿಕೊಂಡಿದ್ದ: ಗಾಳಿಯ ತಡೆಯನ್ನು ಅನುಭವಿಸುತ್ತ ಹಾರುವ ಅದು, ಗಾಳಿಯೇ ಇಲ್ಲದಿದ್ದರೆ ಇನ್ನೂ ಚೆನ್ನಾಗಿ ಹಾರುತ್ತಿದ್ದೆ ಎಂದುಕೊಳ್ಳಬಹುದು. ಅನುಭವವನ್ನು ಬಿಟ್ಟು ಹಾರಲು ಹೊರಟ ತತ್ತ್ವಜ್ಞಾನಕ್ಕೆ ಆತ ಹೇಳಿದ ಮಾತದು. ತಡೆಯನ್ನು ಆಧಾರವೆಂದು ಗುರುತಿಸದ ಆ ತಪ್ಪು ನಮ್ಮ ವೈರಾಗ್ಯದ ಮಾತುಗಳಲ್ಲೂ ಇದೆ.

ಭಗವದ್ಗೀತೆಯ ಹದಿನೆಂಟನೇ ಅಧ್ಯಾಯ ತ್ಯಾಗವನ್ನು ಮೂರಾಗಿ ವಿಂಗಡಿಸುತ್ತದೆ. ಮಾಡಲೇಬೇಕಾದ ಕರ್ಮವನ್ನು ಮೋಹದಿಂದ ಬಿಡುವುದು ತಾಮಸ, ದೇಹಕ್ಕೆ ಕಷ್ಟವೆಂದು ಬಿಡುವುದು ರಾಜಸ; ಕರ್ಮವನ್ನು ಮಾಡುತ್ತ ಸಂಗವನ್ನೂ ಫಲವನ್ನೂ ಬಿಡುವುದು ಸಾತ್ತ್ವಿಕ. ಮೊದಲಿನ ಎರಡೂ ಹೊರಗಿನಿಂದ ಬಿಡುಗಡೆಯಂತೆಯೇ ಕಾಣುತ್ತವೆ. ಜಮೀನು, ಮನೆ ಯಾವುದನ್ನೂ ಯಾರ ಹೆಸರಿಗೂ ಮಾಡದೆ, ಸಾಲ ಎಷ್ಟೆಂದು ಯಾರಿಗೂ ಹೇಳದೆ, "ನನಗೆ ಇನ್ನು ಯಾವುದೂ ಬೇಡ" ಎಂದು ಕೂತುಬಿಡುವ ಯಜಮಾನ ವಿರಕ್ತನಲ್ಲ. ಹತ್ತು ವರ್ಷ ಅಣ್ಣನೊಡನೆ ಜಗಳವನ್ನೂ ಆಡದೆ ಮಾತನ್ನೂ ಆಡದೆ ಇದ್ದುಬಿಟ್ಟ ತಮ್ಮ ಆ ನಂಟಿನಿಂದ ಬಿಡುಗಡೆ ಪಡೆದಿಲ್ಲ. ಆಸ್ಪತ್ರೆಯಿಂದಲೋ ಕೋರ್ಟಿನಿಂದಲೋ ಒಂದು ಫೋನ್ ಬಂದ ದಿನ ಆ ವರ್ಷಗಳ ಎಳೆತವೆಲ್ಲ ಒಟ್ಟಿಗೇ ಬರುತ್ತದೆ, ಅದೂ ಆತ ಎಂದೂ ಕಾವಲಿಟ್ಟಿರದ ಕಡೆಯಿಂದ. ನಿತ್ಯ ಮಾತಾಡಿ, ಮುನಿಸಿಕೊಂಡು, ಲೆಕ್ಕ ಚುಕ್ತಾ ಮಾಡಿಕೊಂಡವರಿಗೂ ದುಃಖ ಬರುತ್ತದೆ. ಆದರೆ ಅದು ಅವರಿಗೆ ಪರಿಚಿತವಾದ ಭಾರ.

ಹಾಗಾದರೆ ಸಂನ್ಯಾಸ? ಎಲ್ಲ ಕಟ್ಟನ್ನೂ ಬಿಟ್ಟವರನ್ನು ನಾವು ಪೂಜಿಸುವುದಿಲ್ಲವೇ? ಪೂಜಿಸುತ್ತೇವೆ, ಅದು ಸರಿಯೂ ಹೌದು. ಆದರೆ ಪರಂಪರೆ ಸಂನ್ಯಾಸವನ್ನು ಸಡಿಲವಾಗುತ್ತ ಸೇರುವ ಸ್ಥಿತಿಯೆಂದು ಎಣಿಸಲಿಲ್ಲ. ಸಂನ್ಯಾಸಕ್ಕೆ ಮುನ್ನ ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳಬೇಕು. ಅದ್ವೈತ ಸಂಪ್ರದಾಯದಲ್ಲಿ ಶಿಖೆಯನ್ನೂ ಯಜ್ಞೋಪವೀತವನ್ನೂ ತೆಗೆಯಬೇಕು. ಒಂದು ದಿನ, ಒಂದು ವಿಧಿ, ನೋಡಲು ಸಾಕ್ಷಿಗಳು. ಇಷ್ಟಾದ ಮೇಲೂ ಒಂದು ಎಳೆ ಉಳಿಯಬಹುದೆಂಬುದಕ್ಕೆ ಶಂಕರರ ಚರಿತ್ರೆಗಳೇ ಸಾಕ್ಷಿ. ಕೊನೆಗಾಲಕ್ಕೆ ಬಂದು ತಾನೇ ಸಂಸ್ಕಾರ ಮಾಡುತ್ತೇನೆಂದು ತಾಯಿಗೆ ಮಾತು ಕೊಟ್ಟು ಅವರು ಕಾಲಟಿಯಿಂದ ಹೊರಟರು. ಆ ಗಳಿಗೆ ಬಂದಾಗ ಮರಳಿ ಬಂದು ಕೊಟ್ಟ ಮಾತಿನಂತೆ ನಡೆದರು. ಸಂನ್ಯಾಸಿಗೆ ಈ ಅಧಿಕಾರವಿಲ್ಲವೆಂದು ನಂಟರು ಕೈ ಜೋಡಿಸಲಿಲ್ಲ. ಅವರ ಆಕ್ಷೇಪಕ್ಕೆ ಶಾಸ್ತ್ರದ ಬಲವಿತ್ತು. ಆದರೆ ಶಂಕರರು ಆ ಎಳೆಯನ್ನು ಮರೆತು ಉಳಿಸಿಕೊಂಡವರಲ್ಲ. ಹೊರಡುವಾಗಲೇ ತಾಯಿಯೆದುರು ಹೇಳಿ ಉಳಿಸಿಕೊಂಡವರು. ಹಾಗಾಗಿಯೇ ಅದರ ಪೂರ್ತಿ ಭಾರ ಬಿದ್ದ ದಿನ ಒಬ್ಬರೇ ಹೊರಲು ಅವರಿಗೆ ಸಾಧ್ಯವಾಯಿತು.