ಒಪ್ಪದೆ ಉಳಿದ ಮೂರು ಮಾತು

ಉತ್ತರ ಸಮುದ್ರದ ಕಡೆಯ ದಂಗೆ ಅಡಗಿಸಿ, 15 ವರ್ಷದ ಮೇಲೆ ವೆನ್ ಝೋಂಗ್ ರಾಜಧಾನಿಗೆ ಮರಳುತ್ತಾನೆ. ಅರಮನೆಯಲ್ಲಿ ಅವನ ಕಣ್ಣಿಗೆ ಬೀಳುವುದು ಎತ್ತರದ ತಾಮ್ರದ ಕಂಬಗಳು. ಏನಿವು ಎಂದು ಕೇಳಿದರೆ, ದೊರೆಗೆ ಬುದ್ಧಿ ಹೇಳಲು ಬಂದವರನ್ನು ಕಟ್ಟಿ ಸುಡುವ ಕಂಬಗಳು ಎಂಬ ಉತ್ತರ. ಸಿಟ್ಟು ಬಂದರೆ ಹಣೆಯ ಮೂರನೆಯ ಕಣ್ಣು ತೆರೆದು ಬೆಳ್ಳನೆಯ ಬೆಳಕು ಚೆಲ್ಲುವ ಈ ಮುದುಕ ಹತ್ತು ಬಿನ್ನಹ ಬರೆದು ದೊರೆಯ ಮುಂದಿಡುತ್ತಾನೆ.

ಇದು ಚೀನಾದ ಮಿಂಗ್ ಕಾಲದ, 100 ಅಧ್ಯಾಯಗಳ ಕಾದಂಬರಿ ‘ಫೆಂಗ್‌ಶೆನ್ ಯಾನ್‌ಯಿ’. ಶಾಂಗ್ ವಂಶ ಬಿದ್ದು ಝೌ ವಂಶ ಎದ್ದ ಕಥೆ. ವೆನ್ ಝೋಂಗ್ ಶಾಂಗ್ ವಂಶದ ಕಡೆಯ ಅರಸ ಡಿಶಿನ್‌ನ ರಾಜಗುರು, ಸೇನಾನಿಯೂ ಹೌದು. ಯುದ್ಧದಲ್ಲಿ ಸೋತು ಸತ್ತವನು ಕೊನೆಗೆ 24 ದೇವತೆಗಳ ಗುಡುಗಿನ ಪಡೆಗೆ ಒಡೆಯನಾಗುತ್ತಾನೆ. ಆ ಗುಡುಗಿನ ದೇವರು ಕಾದಂಬರಿಗಿಂತ ಹಳಬ, ಸಾಂಗ್ ಕಾಲದ ದಾವೋ ಪಂಥದವರು ಪೂಜಿಸುತ್ತಿದ್ದವನು. ಆ ಪೀಠಕ್ಕೆ ಸೋತ ಸೇನಾನಿಯನ್ನು ತಂದು ಕೂರಿಸಿದ್ದು ಕಾದಂಬರಿ.

ಸ್ವಾಮಿನಿಷ್ಠೆಗೆ ಸಿಕ್ಕ ಫಲ ಈ ದೇವಪದವಿ ಎನ್ನುವುದು ರೂಢಿಯ ಓದು. ನನಗೆ ಅದು ಒಪ್ಪಿಗೆಯಿಲ್ಲ. ಗೆದ್ದ ಝೌ ಪಡೆಯ ಸೇನಾನಿ ಜಿಯಾಂಗ್ ಜಿಯಾ ಕೊನೆಗೆ ಓದುವ, ಸತ್ತವರಿಗೆ ದೇವಪದವಿ ಹಂಚುವ ಪಟ್ಟಿಯಲ್ಲಿ 365 ಹೆಸರುಗಳಿವೆ. ದೊರೆಯನ್ನು ತೊರೆದು ಎದುರು ಪಾಳೆಯ ಸೇರಿದ ಹುವಾಂಗ್ ಫೇಹು ಅಲ್ಲಿ ತಾಯ್ ಪರ್ವತದ ಅಧಿಪತಿ. ಆ ಕ್ರೂರ ಡಿಶಿನ್‌ಗೂ ಒಂದು ನಕ್ಷತ್ರಪದವಿ ಇದೆ. ನಿಷ್ಠ, ಬಂಡಾಯಗಾರ, ದುಷ್ಟ ಎಲ್ಲರೂ ಒಂದೇ ಪಟ್ಟಿಯಲ್ಲಿ ಇರುವಾಗ ಅದನ್ನು ಬಹುಮಾನ ಎನ್ನುವುದು ಹೇಗೆ? ಕಾದಂಬರಿಯ ಲೆಕ್ಕದಲ್ಲಿ ತಪಸ್ಸು ಮಾಗಿದವರು ಅಮರರಾಗಿ ಸ್ವತಂತ್ರರಾಗುತ್ತಾರೆ, ಅಷ್ಟು ಮಾಗದವರು ದೇವರಾಗಿ ಸ್ವರ್ಗದ ಊಳಿಗಕ್ಕೆ ನಿಲ್ಲುತ್ತಾರೆ. ಬದುಕಿದ್ದಾಗ ಆಳಾಗಿದ್ದವನು ಸತ್ತ ಮೇಲೂ ಆಳೇ.

ಹಾಗಾದರೆ ವೆನ್ ಝೋಂಗ್‌ನ ನಿಷ್ಠೆಯ ಬೆಲೆ ಕಟ್ಟುವುದು ಎಲ್ಲಿ? ಆ ಹತ್ತು ಬಿನ್ನಹಗಳಲ್ಲಿ. ದೊರೆ ಏಳನ್ನು ಒಪ್ಪುತ್ತಾನೆ. ಸುಡುವ ಕಂಬ ತೆಗೆಸುವುದು, ಹಾವಿನ ಗುಂಡಿ ಮುಚ್ಚಿಸುವುದು, ಕಣಜ ತೆರೆದು ಹಸಿದವರಿಗೆ ಧಾನ್ಯ ಹಂಚುವುದು. ಇವು ಸಣ್ಣವಲ್ಲ, ಜೀವ ಉಳಿಸುವಂಥವು. ಮುಂದಕ್ಕೆ ತಳ್ಳಿದ್ದು ಮೂರನ್ನು: ಪ್ರಜೆಗಳ ಬೆವರು ಬಸಿದು ಕಟ್ಟಿಸಿದ ಜಿಂಕೆ ಉಪ್ಪರಿಗೆಯನ್ನು ಕೆಡವುವುದು, ರಾಣಿ ದಾಜಿಯನ್ನು ಪದವಿಯಿಂದ ಇಳಿಸುವುದು, ಇಬ್ಬರು ಚಾಡಿಕೋರ ಮಂತ್ರಿಗಳ ತಲೆ ತೆಗೆಸುವುದು. ಬೇರೆಲ್ಲ ಕೇಡೂ ಚಿಗುರುತ್ತಿದ್ದ ಬೇರು ಈ ಮೂರು. ಅಷ್ಟರಲ್ಲಿ ಪೂರ್ವ ಸಮುದ್ರದಲ್ಲಿ ದಂಗೆ ಎದ್ದ ಸುದ್ದಿ ಬರುತ್ತದೆ. ವೆನ್ ಝೋಂಗ್ ಕಪ್ಪು ಕಿಲಿನ್ ಮೃಗವನ್ನೇರಿ ಮತ್ತೆ ದಂಡಿಗೆ ಹೊರಡುತ್ತಾನೆ.

ಹೋಗಬಾರದಿತ್ತು. ಮೂರೂ ನಡೆಯುವ ತನಕ ಕತ್ತಿ ಹಿಡಿಯೆ ಎನ್ನಬೇಕಿತ್ತು. ಹಿಂದಿನ ಅರಸ ಸಾಯುವಾಗ ಮಗನನ್ನು ಇವನ ಕೈಗಿಟ್ಟಿದ್ದ, ಆ ಮಾತಿಗೆ ಕಟ್ಟುಬಿದ್ದಿದ್ದ ಎನ್ನಬಹುದು. ನಮ್ಮ ಹಳಗನ್ನಡದ ವೀರರು ‘ಜೋಳದ ಪಾಳಿ’ ಎಂದದ್ದು ಉಂಡ ಅನ್ನದ ಇದೇ ಋಣವನ್ನು, ನಾನು ಅದನ್ನು ಹಗುರಾಗಿ ಕಾಣಲಾರೆ. ಆದರೆ ಆ ಜೋಳ ಬೆಳೆದವರು ಯಾರು? ಇದೇ ಡಿಶಿನ್‌ನನ್ನು ಕೊಂದದ್ದು ರಾಜಹತ್ಯೆಯಲ್ಲ, ಧರ್ಮಗೆಟ್ಟ ಒಬ್ಬ ಮನುಷ್ಯನ ವಧೆ ಅಷ್ಟೇ ಎಂದು ಚೀನಾದ ತತ್ವಜ್ಞಾನಿ ಮೆನ್ಸಿಯಸ್ ಬಹು ಹಿಂದೆಯೇ ವಾದಿಸಿದ್ದ. ಅಷ್ಟು ದೂರ ಹೋಗುವುದೂ ಬೇಡ. ಗೆದ್ದುಕೊಡಲು ಒಲ್ಲೆ ಎಂದಿದ್ದರೂ ಸಾಕಿತ್ತು, ಏಕೆಂದರೆ ದೊರೆ ಹೆದರುತ್ತಿದ್ದದ್ದು ಇವನೊಬ್ಬನಿಗೆ.

ಕೊನೆಗೆ ಜುಯೆಲಾಂಗ್ ಬೆಟ್ಟದಲ್ಲಿ ಬೆಂಕಿಯ ಕಂಬಗಳ ನಡುವೆ ಅವನು ಬೆಂದು ಸಾಯುತ್ತಾನೆ. ಆದರೂ ಜೀವ ಒಪ್ಪದು, ಗಾಳಿಯಲ್ಲಿ ತೇಲಿ ರಾಜಧಾನಿಗೆ ಬಂದು, ದೊರೆಯ ಕನಸಿನಲ್ಲಿ ನಿಂತು, ಇನ್ನಾದರೂ ಧರ್ಮದಿಂದ ಆಳು ಎಂದು ಬೇಡುತ್ತದೆ. ದೊರೆ ಬೆಚ್ಚಿ ಏಳುತ್ತಾನೆ. ಅವನಿದ್ದದ್ದು ಕೆಡವದೆ ಬಿಟ್ಟ ಅದೇ ಜಿಂಕೆ ಉಪ್ಪರಿಗೆಯಲ್ಲಿ. ಕನಸು ಮನಸ್ಸಿನ ಚಿಂತೆಯಿಂದ ಹುಟ್ಟುವುದು ಎಂದು ಪಕ್ಕದಲ್ಲಿದ್ದ ದಾಜಿ ಸಮಾಧಾನ ಹೇಳುತ್ತಾಳೆ. ದೊರೆ ನಂಬುತ್ತಾನೆ.